ಕೋಲಾರ ಸೀಮೆಯ ಸಭಾದಾಖಲೆಗಳು: ಪೂರ್ವಿಕರನ್ನು ಅರಸುವ ಬಗೆ

ಸೆರೆಯಿಂದ ಹಿಂದಿರುಗಿದ ಯಾಜಕರಲ್ಲಿ ಕೆಲವರು ತಮ್ಮ ವಂಶಾವಳಿಯ ಪತ್ರವನ್ನು ಹುಡುಕಿ ಕಾಣದೆ ಯಾಜಕತ್ವದಿಂದ ಹೊರಗುಳಿದ ಸಂಗತಿ ಎಜ್ರನ ಗ್ರಂಥದ 2ನೆಯ ಅಧ್ಯಾಯದಲ್ಲಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕ್ರೈಸ್ತ ಕುಟುಂಬಗಳೂ ತಮ್ಮ ಪೂರ್ವಿಕರನ್ನು ಅರಸುತ್ತ ಹೋದಾಗ ಬರಿದಾದ ಒಂದು ಸಾಲಿನ ಮುಂದೆ ನಿಲ್ಲಬೇಕಾದೀತು. ಆ ಸಾಲಿನವರೆಗಿನ ದಾರಿ ಯಾವುದು, ಅದನ್ನು ಓದುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಹುಡುಕಾಟವು ಇಂದಿನಿಂದ ಹಿಂದಕ್ಕೆ ಸಾಗತಕ್ಕದ್ದು. 1969ರ ಜನನ ಮರಣ ನೋಂದಣಿ ಅಧಿನಿಯಮದ 17ನೆಯ ಪ್ರಕರಣದಂತೆ ಯಾರೇ ಆಗಲಿ ಶುಲ್ಕ ತೆತ್ತು ದಾಖಲೆಯನ್ನು ಹುಡುಕಿಸಿ ನಕಲು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ಅದರಲ್ಲಿ ತಿಳಿಸುವುದಿಲ್ಲ. ಗ್ರಾಮಗಳ ಹಳೆಯ ಪುಸ್ತಕಗಳಿಗಾಗಿ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಹಳೆಯ ಕಾಗದಗಳಲ್ಲಿ ‘ಕೋಲಾರ ಜಿಲ್ಲೆ’ ಎಂದಿರುವ ಊರು 2007ರಲ್ಲಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರಬಹುದು. ‘ಬೌರಿಂಗ್‌ಪೇಟೆ’ ಎಂದಿದ್ದರೆ ಅದು ಇಂದಿನ ಬಂಗಾರಪೇಟೆ.

ಅದಕ್ಕೂ ಹಿಂದೆ ಹೋಗುವವರಿಗೆ ಸಭೆಯ ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿ ಪುಸ್ತಕಗಳೇ ಆಧಾರ. ಕುಟುಂಬವು ಯಾವ ಮಿಷನ್ನಿಗೆ ಸೇರಿತ್ತೆಂಬುದನ್ನು ಮೊದಲು ತಿಳಿಯಬೇಕು. ಕೋಲಾರದ ಮೆಥೊಡಿಸ್ಟ್ ಸಭೆಯು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಲಿಲ್ಲ. ಅದು ಇಂದು ಭಾರತದ ಮೆಥೊಡಿಸ್ಟ್ ಸಭೆಯ ಅಂಗ. ಆದುದರಿಂದ ಅದರ ಪುಸ್ತಕಗಳನ್ನು ಸಿ.ಎಸ್.ಐ. ಕಚೇರಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಕಥೋಲಿಕ ಕುಟುಂಬಗಳು ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು. ಅಲ್ಲಿನ ಹಳೆಯ ಬರಹಗಳು ಲತೀನ್ ಭಾಷೆಯಲ್ಲಿರಬಹುದು. ದೀಕ್ಷಾಸ್ನಾನದ ದಾಖಲೆಯ ಅಂಚಿನಲ್ಲಿ ಆ ವ್ಯಕ್ತಿಯ ವಿವಾಹವನ್ನೂ ಗುರುತಿಸುವ ಪದ್ಧತಿಯಿರುವುದರಿಂದ ಒಂದೇ ಪುಟವು ಎರಡು ತಲೆಮಾರುಗಳನ್ನು ಜೋಡಿಸಬಲ್ಲುದು.

ಮೂರು ಪುಸ್ತಕಗಳನ್ನೂ ಒಂದರೊಡನೊಂದು ತಾಳೆ ನೋಡುವುದು ಅವಶ್ಯ. ಸಮಾಧಿ ಪುಸ್ತಕದ ವಯಸ್ಸಿನಿಂದ ಹುಟ್ಟಿದ ವರ್ಷವನ್ನು ಅಂದಾಜು ಮಾಡಬಹುದು. ವಿವಾಹ ಪುಸ್ತಕವು ತಂದೆಯ ಹೆಸರನ್ನು ಕೊಡುತ್ತದೆ. ಕಂದಾಯದ ಕಾಗದದಲ್ಲಿ ಮುನಿಯಪ್ಪನೆಂದಿರುವವನೇ ಸಭೆಯ ಪುಸ್ತಕದಲ್ಲಿ ಯೋಹಾನನಾಗಿರಬಹುದು. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಒಂದೇ ಹೆಸರನ್ನು ಬೇರೆ ಬೇರೆ ಬಗೆಯಲ್ಲಿ ಬರೆದಿರುವುದೂ ಸಂಭವ. ಹೆಸರೊಂದನ್ನೇ ನಂಬದೆ ಊರು, ತಂದೆಯ ಹೆಸರು, ತಾರೀಖು ಇವು ಮೂರೂ ಹೊಂದುವವೋ ಎಂದು ನೋಡಬೇಕು.

ಸ್ಥಳೀಯ ಪುಸ್ತಕ ನಷ್ಟವಾಗಿದ್ದರೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ, ಅಮೆರಿಕದ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮೆಥೊಡಿಸ್ಟ್ ಪತ್ರಾಗಾರವನ್ನೂ ನೆನೆಯಬಹುದು. ಇಂಥಲ್ಲಿ ಪ್ರತಿಯೊಬ್ಬರ ಜನನದ ದಾಖಲೆಗಿಂತ ಮಿಷನರಿಗಳ ವರದಿ, ಪತ್ರಗಳನ್ನು ನಿರೀಕ್ಷಿಸುವುದು ಯುಕ್ತ.

ಕೆಲವು ಕುಟುಂಬಗಳ ಎಳೆಯು 1876–78ರ ಧಾತು ಈಶ್ವರ ಬರದಲ್ಲಿ ಕಡಿದುಹೋಗುತ್ತದೆ. ಆ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬಾಕೆ ಕೋಲಾರದಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತರು. 1890ರಲ್ಲಿ ಆ ಕಾರ್ಯವು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಸೇರಿತು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡ ಕೂಸಿನ ತಂದೆತಾಯಿಗಳ ಹೆಸರನ್ನು ಬರೆದುಕೊಳ್ಳುವವರಿಗೆ ಹೇಳಲು ಯಾರೂ ಉಳಿದಿರಲಾರರು.

ಅಂಥ ಬರಿದಾದ ಜಾಗವನ್ನು ಊಹೆಯಿಂದಲೋ ಹಿರಿದಾದ ಕುಲವೊಂದರ ಹೆಸರಿನಿಂದಲೋ ತುಂಬುವ ಶೋಧನೆಗೆ ನಾವು ಒಳಗಾಗಬಾರದು. ಎಜ್ರನ ಕಾಲದಲ್ಲಿ ವಂಶಾವಳಿ ಇಲ್ಲದವರು ಯಾಜಕರ ಪಟ್ಟಿಯಿಂದ ಹೊರಗುಳಿದರು. ದೀಕ್ಷಾಸ್ನಾನದ ಪುಸ್ತಕದಲ್ಲಾದರೋ ಕುಲವನ್ನು ತೋರಿಸಲಾರದ ಕೂಸೂ ತನ್ನದೇ ಹೆಸರಿನಿಂದ, ಸಭೆಯ ಅಂಗವಾಗಿ ಬರೆಯಲ್ಪಟ್ಟಿತು. ಬರಿದಾದ ಸಾಲು ಬರದ ನಷ್ಟವನ್ನು ಮರೆಮಾಚದೆ ಹೇಳುತ್ತದೆ. ಅದರ ಪಕ್ಕದಲ್ಲಿರುವ ಹೆಸರು ಆ ಕೂಸನ್ನು ಅಂಗೀಕರಿಸಿದ ಕೃಪೆಯನ್ನು ಸಾರುತ್ತದೆ. ಹುಳು, ತೇವಗಳಿಂದ ಆ ಪುಟಗಳನ್ನು ಕಾಪಾಡುವುದು ಸಭಾಪಾಲಕರ ಸೇವೆಯ ಒಂದು ಭಾಗವೇ ಆಗಿದೆ.