ಹಳೇ ಪೋಲೋ ಜಿಟಿ: ಕೇಳೋ ಬೆಲೆ ಒಂದು, ಕೊಡಬೇಕಾದ ಬೆಲೆ ಇನ್ನೊಂದು

ಹಿಂದಿನ ವಿಡಿಯೋ ಕೆಳಗೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರು: "ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ತಗೋಬಹುದಾ? ಎಷ್ಟು ಕೊಡಬಹುದು?" ತಗೋಬಹುದು. ಆದರೆ ಎಷ್ಟು ಕೊಡಬೇಕು ಅನ್ನೋದನ್ನ ಗಾಡಿ ಓಡಿಸೋಕೆ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಓಡಿಸಿದ ಮೇಲೆ ಲೆಕ್ಕ ಮಾಡೋದು ಹೃದಯ, ತಲೆ ಅಲ್ಲ.

ಮೊದಲು ಗಾಡಿ ಪರಿಚಯ. ಪುಣೆ ಪಕ್ಕದ ಚಾಕಣ್‌ನಲ್ಲಿ ತಯಾರಾಗ್ತಿದ್ದ ಈ ಕಾರು 2013ರಲ್ಲಿ ಬಂತು. 1.2 ಲೀಟರ್ ಟರ್ಬೋ ಪೆಟ್ರೋಲ್, 105 ಪಿಎಸ್, 175 ಎನ್‌ಎಂ, ಜೊತೆಗೆ 7 ಸ್ಪೀಡ್ ಡಿಎಸ್‌ಜಿ. 2020ರಲ್ಲಿ ಬಿಎಸ್6 ಬಂದಾಗ ಎಂಜಿನ್ 1.0 ಲೀಟರ್, ಮೂರು ಸಿಲಿಂಡರ್, 110 ಪಿಎಸ್ ಆಯ್ತು. ಗೇರ್‌ಬಾಕ್ಸ್ ಕೂಡ ಬದಲಾಗಿ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಯ್ತು. 2022ರಲ್ಲಿ ಪೋಲೋನೇ ನಿಂತುಹೋಯ್ತು. ಹೊಸದು ಸಿಗಲ್ಲ, ಬೇಕು ಅನ್ನೋರು ಕಡಿಮೆ ಆಗಿಲ್ಲ. ಹಾಗಾಗಿ ಮಾರೋರು ಗಾಡಿ ಬೆಲೆ ಜೊತೆ ಅಭಿಮಾನಿಗಳ ಪ್ರೀತಿಗೂ ಬೆಲೆ ಹಾಕ್ತಾರೆ.

ಜಿಟಿ ಅನ್ನೋ ಬ್ಯಾಡ್ಜ್ ಒಂದೇ ಆದರೂ 2020ಕ್ಕೆ ಮೊದಲಿನದು, ನಂತರದ್ದು ಬೇರೆ ಬೇರೆ ರಿಸ್ಕ್. ಹಳೇ ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇವೆ. ಒಂದು 1, 3, 5, 7ನೇ ಗೇರಿಗೆ; ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಎರಡೂ ಡ್ರೈ ಕ್ಲಚ್, ಅಂದ್ರೆ ತಂಪು ಮಾಡೋಕೆ ಸುತ್ತ ಎಣ್ಣೆ ಇಲ್ಲ. ಹೈವೇಯಲ್ಲಿ ಇದು ಚಿನ್ನ. ಹಿಂಜವಡಿ ಟ್ರಾಫಿಕ್‌ನಲ್ಲಿ ತೆವಳುವಾಗ ಮಾತ್ರ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯಾಗುತ್ತೆ, ಸವೆಯುತ್ತೆ. ಇದರ ಜೊತೆ ಗೇರ್ ಬದಲಿಸೋ ಮೆಕಟ್ರಾನಿಕ್ ಅನ್ನೋ ಘಟಕ ಇದೆ. ಅದು ಕೈ ಕೊಟ್ಟರೆ ಬಿಲ್ ಲಕ್ಷ ದಾಟುತ್ತೆ. ಹಾಗಾಗಿ 2013ರಿಂದ 2019ರ ಗಾಡಿ ನೋಡ್ತಿದ್ದರೆ ಕಾರಿಗಿಂತ ಮೊದಲು ಗೇರ್‌ಬಾಕ್ಸಿಗೆ ಬೆಲೆ ಕಟ್ಟಿ.

ಬೆಲೆ ಲೆಕ್ಕ ಹೇಗೆ?

ನಿಮ್ಮ ಊರಲ್ಲೇ, ಅದೇ ವರ್ಷದ, ಅದೇ ಗೇರ್‌ಬಾಕ್ಸ್‌ನ ಹತ್ತು-ಹದಿನೈದು ಜಾಹೀರಾತು ಒಂದು ಶೀಟ್‌ಗೆ ಹಾಕಿ. ಸರಾಸರಿ ಬೇಡ, ಮೀಡಿಯನ್ ತಗೊಳ್ಳಿ. ಯಾರೋ ಒಬ್ಬ ಹುಚ್ಚು ಬೆಲೆ ಹೇಳಿದರೆ ಸರಾಸರಿ ಕೆಡುತ್ತೆ, ಮೀಡಿಯನ್ ಅಷ್ಟಾಗಿ ಕದಲಲ್ಲ. ಎರಡು-ಮೂರು ವಾರ ಬಿಟ್ಟು ಮತ್ತೆ ನೋಡಿ. ಇನ್ನೂ ಅಲ್ಲೇ ಕೂತಿರೋ ಗಾಡಿಗಳ ಬೆಲೆ ಬರೀ ಆಸೆ, ಮಾರ್ಕೆಟ್ ಅಲ್ಲ.

ಒಂದು ಉದಾಹರಣೆ. ಅಂಕಿಗಳು ಲೆಕ್ಕ ತೋರಿಸೋಕೆ ಮಾತ್ರ, ನಿಮ್ಮ ಊರಿನ ಅಂಕಿ ನೀವು ಹಾಕಿಕೊಳ್ಳಿ. ಮೀಡಿಯನ್ 6.20 ಲಕ್ಷ, ಮಾರೋರು ಕೇಳೋದು 6.50. ನಾಲ್ಕು ಟೈರ್ ಹೋಗಿವೆ, 30,000 ಕಳೆಯಿರಿ. ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ 20,000. ಇನ್ಶೂರೆನ್ಸ್ ಮುಗಿದಿದೆ, 15,000. ಈಗ 5.55. ಕ್ಲಚ್ ಬದಲಿಸಿದ ದಾಖಲೆ ಇಲ್ಲ. ಶೇಕಡಾ 30 ಸಾಧ್ಯತೆ, 1.5 ಲಕ್ಷ ಖರ್ಚು ಅಂತ ಇಟ್ಟುಕೊಂಡರೆ 45,000. ಕೊನೆಗೆ ಉಳಿದದ್ದು 5.10. ಅದೇ ನಿಮ್ಮ ಗರಿಷ್ಠ.

ಇಲ್ಲಿ ನಮ್ಮಂಥ ಎಂಜಿನಿಯರ್‌ಗಳು ಮಾಡೋ ತಪ್ಪು ಎರಡು. ಒಂದು, ಎಲ್ಲದಕ್ಕೂ ಕಳೆಯೋದು. ಎಂಟು ವರ್ಷದ ಗಾಡಿಯಲ್ಲಿ ಇರಬೇಕಾದ ಸವೆತ ಮೀಡಿಯನ್ ಒಳಗೇ ಸೇರಿದೆ. ಅದಕ್ಕಿಂತ ಹೆಚ್ಚಿನದಕ್ಕೆ ಮಾತ್ರ ಕಳೆಯಬೇಕು. ಎರಡು, 30% ಅನ್ನೋದನ್ನ ನಂಬಿ ಕೂರೋದು. ನೂರು ಕಾರು ಕೊಳ್ಳೋನಿಗೆ ಆ 45,000 ಸರಿ. ನೀವು ಕೊಳ್ಳೋದು ಒಂದೇ. ಕೆಟ್ಟರೆ ಪೂರ್ತಿ 1.5 ಲಕ್ಷ ಕೊಡಬೇಕು. ಅಷ್ಟು ದುಡ್ಡು ಬ್ಯಾಂಕಲ್ಲಿ ಬೇರೆ ಇಡೋಕಾಗದಿದ್ದರೆ 2020ರ ನಂತರದ್ದು ನೋಡಿ, ಇಲ್ಲಾ ಬೇರೆ ಕಾರು ನೋಡಿ.

ನೋಡೋಕೆ ಹೋದಾಗ

ಮೊದಲೇ ಹೇಳಿ: ಎಂಜಿನ್ ತಣ್ಣಗಿರಬೇಕು. ನೀವು ಹೋಗೋಷ್ಟರಲ್ಲಿ ಬಾನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಬೆಳಿಗ್ಗೆ ಬನ್ನಿ. ಆಮೇಲೆ ಅರ್ಧ ಗಂಟೆ ಟ್ರಾಫಿಕ್‌ನಲ್ಲೇ ಓಡಿಸಿ. ಬಿಸಿಯಾದ ಮೇಲೆ 1ರಿಂದ 2ಕ್ಕೆ ಹೋಗುವಾಗ ನಡುಕ ಇದೆಯಾ? ದಿಣ್ಣೆ ಮೇಲೆ ರಿವರ್ಸ್‌ನಲ್ಲಿ ನಯವಾಗಿ ಏರುತ್ತಾ? ಡಿಸ್‌ಪ್ಲೇನಲ್ಲಿ ಗೇರ್ ಅಕ್ಷರ ಮಿನುಗಿದರೆ ಅಲ್ಲಿಗೆ ಮುಗೀತು, ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಬನ್ನಿ.

ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಪೂರ್ತಿ ಒಬಿಡಿ ಸ್ಕ್ಯಾನ್ ಮಾಡಿಸಿ. ಫಾಲ್ಟ್ ಕೋಡ್ ದಾಖಲಾದಾಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಅನ್ನೋದೂ ಅದರ ಜೊತೆ ಉಳಿದಿರುತ್ತೆ. ನಾನು ಇದನ್ನ ಕಲಿತದ್ದು 10,000 ರೂಪಾಯಿ ಕಳೆದುಕೊಂಡು. ಪುಣೆಯಲ್ಲಿ ಒಂದು ಕೆಂಪು ಜಿಟಿ ನೋಡಿ, ಐದು ನಿಮಿಷ ಓಡಿಸಿ, ಅಲ್ಲೇ ಟೋಕನ್ ಕೊಟ್ಟುಬಿಟ್ಟೆ. ಮೀಟರ್ 58,000 ತೋರಿಸ್ತಿತ್ತು. ಮರುದಿನ ಸ್ಕ್ಯಾನ್‌ನಲ್ಲಿ ಸಿಕ್ಕ ಒಂದು ಹಳೇ ಫಾಲ್ಟ್ 91,000ದಲ್ಲಿ ದಾಖಲಾಗಿತ್ತು. ಗಾಡಿ ಬಿಟ್ಟೆ, ಟೋಕನ್ ವಾಪಸ್ ಬರಲಿಲ್ಲ. ಸ್ಕ್ಯಾನ್ ಮೊದಲು, ಟೋಕನ್ ಆಮೇಲೆ.

ರೀಮ್ಯಾಪ್ ಮಾಡಿದ್ದಾರಾ ಅಂತ ನೇರವಾಗಿ ಕೇಳಿ. "ಸ್ಟೇಜ್ 1 ಸರ್, ಎಕ್ಸ್‌ಟ್ರಾ ಪವರ್" ಅಂತ ಹೆಮ್ಮೆಯಿಂದ ಹೇಳಿದರೆ ಅದು ಬೆಲೆ ಏರಿಸೋ ಗುಣ ಅಲ್ಲ, ಇಳಿಸೋ ಕಾರಣ. ಹೆಚ್ಚಾದ ಟಾರ್ಕ್ ತಿನ್ನೋದು ಅದೇ ಕ್ಲಚ್ಚನ್ನ. ಚೆನ್ನೈನಲ್ಲಿ ನೋಡ್ತಿದ್ದರೆ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ತಳದಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ನಿಂತಿತ್ತು ಅಂತ ಅರ್ಥ.

ಊರಿಗೆ ವಾಪಸ್ ಹೋಗೋರು

ಇದನ್ನ ಬಹಳ ಜನ ಮರೀತಾರೆ. ಎಂಎಚ್ ಅಥವಾ ಡಿಎಲ್ ಗಾಡಿ ಅಗ್ಗಕ್ಕೆ ಸಿಕ್ತು ಅಂತ ಕೊಂಡು, ಬೆಂಗಳೂರಿಗೋ ಹುಬ್ಬಳ್ಳಿಗೋ ಶಾಶ್ವತವಾಗಿ ಹೋದರೆ, ಆರ್‌ಟಿಒ ಎನ್‌ಒಸಿ ತಗೊಂಡು ಕರ್ನಾಟಕದಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಕೆಎ ನಂಬರ್ ಮಾಡಿಸಬೇಕು. ಹಳೇ ರಾಜ್ಯದಿಂದ ಟ್ಯಾಕ್ಸ್ ರೀಫಂಡ್‌ಗೆ ಅರ್ಜಿ ಹಾಕಬಹುದು, ಆದರೆ ಅದನ್ನ ನಂಬಿ ಬಜೆಟ್ ಮಾಡಬೇಡಿ. ಎರಡು ವರ್ಷದಲ್ಲಿ ವಾಪಸ್ ಹೋಗೋ ಯೋಚನೆ ಇದ್ದರೆ ಆ ಟ್ಯಾಕ್ಸನ್ನೂ ಇವತ್ತಿನ ಬೆಲೆಗೆ ಸೇರಿಸಿ. ಆಗ ಎಷ್ಟೋ ಸಲ ಕೆಎ ನಂಬರಿನ ದುಬಾರಿ ಗಾಡಿಯೇ ಅಗ್ಗ. ಇನ್ನು ಗಾಡಿ ಮೇಲೆ ಲೋನ್ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ಒಂದೇ ಓನರ್, ಎಲ್ಲ ಸರ್ವಿಸ್ ಬಿಲ್ ಇದೆ, ಕ್ಲಚ್ ಬದಲಿಸಿದ ರಸೀದಿ ಇದೆ ಅಂದ್ರೆ ಮೀಡಿಯನ್‌ಗಿಂತ 30-40 ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಚೌಕಾಸಿ ಅಂದ್ರೆ ಕಡಿಮೆ ಕೊಡೋದಲ್ಲ, ಸರಿಯಾದದ್ದಕ್ಕೆ ಸರಿಯಾಗಿ ಕೊಡೋದು.

ನೀವು ನೋಡ್ತಿರೋ ಗಾಡಿಯ ವರ್ಷ, ಊರು, ಕಿಲೋಮೀಟರ್, ಕೇಳ್ತಿರೋ ಬೆಲೆ ಕಾಮೆಂಟಲ್ಲಿ ಹಾಕಿ, ಲೆಕ್ಕ ಒಟ್ಟಿಗೇ ಮಾಡೋಣ. ಸಿಗೋಣ.