ಕುದಿಯುವ ಎಂಜಿನ್ನು

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿರುವುವು. ಒಂದು ಬೇಸಗೆಯ ಮಧ್ಯಾಹ್ನ ನಾವು ಸಕುಟುಂಬರಾಗಿ ಆ ದಾರಿಯಲ್ಲಿ ಬರುತ್ತಿರಲು, ಅರ್ಧ ಏರುವಷ್ಟರಲ್ಲಿ ಕಾರಿನ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು, ಮುಂಭಾಗದಿಂದ ಆವಿಯೆದ್ದಿತು. ಗಾಡಿಯನ್ನು ನಿಲ್ಲಿಸಿದವರೇ ಬಾನೆಟ್ಟನ್ನೆತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಟ್ಟೆವು. "ಮುಟ್ಟಬೇಡಿ ಮಾರಾಯ್ರೇ!" ಎಂದು ಹಿಂದಿನ ವ್ಯಾನಿನ ಚಾಲಕರು ಕೂಗದೆ ಇದ್ದಿದ್ದರೆ ನಮ್ಮ ಮುಖ ಬೆಂದುಹೋಗುತ್ತಿದ್ದಿತು.

ಆ ಕೂಗಿನ ಅರ್ಥವನ್ನು ಶ್ರೋತೃಗಳು ಚೆನ್ನಾಗಿ ಗ್ರಹಿಸತಕ್ಕದ್ದು. ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಅದರ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುವುದು. ಘಾಟಿಯಲ್ಲಾದರೋ ಎಂಜಿನ್ನಿನ ದುಡಿಮೆ ಹೆಚ್ಚು, ವೇಗ ಕಡಮೆ. ಆದುದರಿಂದ ಎದುರುಗಾಳಿಯೂ ಕಡಮೆ. ಬಯಲಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಷ್ಟೆ? ಮುಚ್ಚಳವು ಅದನ್ನು ಒತ್ತಡದಲ್ಲಿ ಹಿಡಿದಿಡುವುದು. ವಾಯುಭಾರದಷ್ಟು ಹೆಚ್ಚಿನ ಒತ್ತಡ ಬಿದ್ದರೆ ಅದು ಸುಮಾರು 120 ಡಿಗ್ರಿಯವರೆಗೂ ಕುದಿಯದು. ಮುಚ್ಚಳ ಬಿಚ್ಚಿದ ಕ್ಷಣವೇ ಒತ್ತಡವಳಿದು ನೀರು ಭುಗಿಲ್ಲೆಂದು ಆವಿಯಾಗಿ ಚಿಮ್ಮುವುದು. ಸಿಳ್ಳಿಡುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ತೆಗೆಯಳು. ಕಾರಿನ ಮುಂದೆ ಮಾತ್ರ ವಿದ್ಯಾವಂತರಿಗೂ ಈ ವಿವೇಕ ತಪ್ಪುವುದು.

ಮುಳ್ಳು ಏರತೊಡಗಿದಾಗಲೇ ತಂಪುಯಂತ್ರವನ್ನು ನಿಲ್ಲಿಸಿ ಹೀಟರನ್ನು ಪೂರ್ಣವಾಗಿ ಹಾಕಬೇಕು. ಒಳಗಿದ್ದವರು ಬೆವರಿ ಗೊಣಗುವುದು ನಿಜ; ಆದರೆ ಎಂಜಿನ್ನಿನ ಶಾಖ ಅಷ್ಟರಮಟ್ಟಿಗೆ ಹೊರಬೀಳುವುದು. ಆವಿ ಕಂಡಿತೋ, ಮುಂದಕ್ಕೆ ಹೋಗಲಾಗದು. ತಿರುವನ್ನು ಬಿಟ್ಟು ರಸ್ತೆಯಂಚಿನಲ್ಲಿ ಎಂಜಿನ್ನನ್ನು ನಿಲ್ಲಿಸಿ, ಚಕ್ರದ ಹಿಂದೆ ಕಲ್ಲಿಟ್ಟು, ಎಲ್ಲರನ್ನೂ ಇಳಿಸಬೇಕು. ಏರಿದ ಮುಳ್ಳು ಒಮ್ಮೆಲೆ ಕೆಳಗಿಳಿದರೆ ಹಿಗ್ಗಬಾರದು: ನೀರೆಲ್ಲ ಸೋರಿಹೋಗಿ, ಅಳೆಯುವ ಸಾಧನಕ್ಕೆ ನೀರಿನ ಸ್ಪರ್ಶವೇ ತಪ್ಪಿದಾಗಲೂ ಹಾಗಾಗುವುದುಂಟು.

ಬಳಿಕ ಮಾಡತಕ್ಕದ್ದು ಕಾಯುವುದೊಂದೇ. ಇದೇ ಎಲ್ಲಕ್ಕಿಂತ ಕಷ್ಟ. ಅರ್ಧ ಗಂಟೆಗೆ ಕಡಮೆಯಿಲ್ಲದೆ, ಎಂಜಿನ್ನು ಚೆನ್ನಾಗಿ ಆರುವವರೆಗೆ ಕಾಯಬೇಕು. ಆಮೇಲೆ ದಪ್ಪ ಬಟ್ಟೆಯನ್ನು ಹಾಕಿ, ಮುಖವನ್ನು ದೂರವಿಟ್ಟು, ಮುಚ್ಚಳವನ್ನು ಮೆಲ್ಲಮೆಲ್ಲನೆ ತಿರುಗಿಸಬೇಕು. ಕಾದ ಲೋಹಕ್ಕೆ ತಣ್ಣೀರು ಸುರಿದರೆ ಅದು ಬಿರಿಯಬಹುದು; ಆದುದರಿಂದ ಆರಿದ ಮೇಲೂ ಸ್ವಲ್ಪಸ್ವಲ್ಪವಾಗಿಯೇ ಹೊಯ್ಯಬೇಕು. ಬರಿಯ ನೀರು ಆಪತ್ಕಾಲಕ್ಕೆ ಮಾತ್ರ. ಅದು ಬೇಗ ಕುದಿಯುವುದಲ್ಲದೆ ತುಕ್ಕನ್ನೂ ತರುವುದು. ಗ್ಯಾರೇಜು ಸೇರಿದೊಡನೆ ಕೂಲೆಂಟು ತುಂಬಿಸತಕ್ಕದ್ದು.

ನಾವೂ ಹೀಗೆಯೇ ಕಾದು ನೀರು ಹೊಯ್ದೆವು. ಹೊಯ್ದಷ್ಟೂ ಕೆಳಗೆ ಹರಿದಿತು. ರಬ್ಬರಿನ ಕೊಳವೆಯೊಂದು ಉದ್ದಕ್ಕೂ ಸೀಳಿದ್ದಿತು. ಉಳಿದ ತಿರುವುಗಳನ್ನು ಆ ಪುಣ್ಯಾತ್ಮರ ವ್ಯಾನಿನಲ್ಲಿ ಹತ್ತಿದೆವು. ಕಾರು ಮಾರನೆಯ ದಿನ ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ಬಂದಿತು.