ಹೆಸರಿದೆ, ಮನೆಯಿದೆ, ಗೇಟಿಲ್ಲ

ಕಣ್ಣು ಕೆಂಪಾಗಿ ಎರಡು ದಿನವಾಗಿರುತ್ತದೆ. ಮದ್ರಾಸ್ ಐ ಇರಬೇಕೆಂದು ಮೆಡಿಕಲ್ ಅಂಗಡಿಯಿಂದ ತಂದ ಡ್ರಾಪ್ಸ್ ಬಿಟ್ಟೂ ಆಗಿರುತ್ತದೆ. ಕೊನೆಗೆ ಕಣ್ಣಿನ ವೈದ್ಯರು ಬೆಳಕು ಹಾಯಿಸಿ ನೋಡಿದರೆ, ಬಿಳಿಗುಡ್ಡೆಯ ಮೇಲಿನ ತೆಳುಪೊರೆಯಡಿ ಹೊಲಿಗೆ ದಾರದಂಥ ಹುಳವೊಂದು ಸುರುಳಿ ಸುತ್ತುತ್ತ ಹರಿದಾಡುತ್ತಿದೆ. ಪೊರೆಯನ್ನು ಚೂರು ಕತ್ತರಿಸಿ ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಹತ್ತು ಸೆಂಟಿಮೀಟರಿನಷ್ಟು ಉದ್ದ ಬರುವುದೂ ಉಂಟು.

ಡೈರೋಫೈಲೇರಿಯಾ ರೆಪೆನ್ಸ್ ಎಂಬ ಈ ಹುಳವನ್ನು ಕೇರಳದ, ಕರಾವಳಿ ಕರ್ನಾಟಕದ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಅದರ ನಿಜವಾದ ಬಿಡಾರ ನಾಯಿಯ ಚರ್ಮದಡಿ. ಮರಿಗಳು ನಾಯಿಯ ರಕ್ತದಲ್ಲಿ ಸುತ್ತುತ್ತಿರುತ್ತವೆ. ನಾಯಿಗೆ ಕಚ್ಚಿದ ಸೊಳ್ಳೆ ಕೆಲವು ದಿನ ಕಳೆದು ಜಗಲಿಯಲ್ಲಿ ಕೂತವರಿಗೂ ಕಚ್ಚಿತೆಂದರೆ ದಾರಿ ಸಲೀಸು. ಹುಳ ತೆಗೆದರೆ ಸಾಮಾನ್ಯವಾಗಿ ಕಥೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದ ಕಥೆ ಆ ನಾಯಿಯದ್ದು.

ಯಾವ ನಾಯಿ? ಕಾಪುವಿನ ಕಡಲಬದಿಯ ಮನೆಯಲ್ಲಾಗಲಿ, ಕಾರ್ಕಳದ ಕಾಡಂಚಿನ ತೋಟದಲ್ಲಾಗಲಿ ಅದಕ್ಕೊಂದು ಹೆಸರಿರುತ್ತದೆ, ಕರಿಯನೋ ಬೊಳ್ಳುವೋ ಟೈಗರೋ. ಹಗಲು ಹಟ್ಟಿಯ ಪಕ್ಕ ಕಟ್ಟುತ್ತಾರೆ, ಕತ್ತಲಾದ ಮೇಲೆ ಬಿಡುತ್ತಾರೆ. ಕಾಡುಹಂದಿ ಓಡಿಸಬೇಕು, ಚಿರತೆ ಬಂದರೆ ಬೊಗಳಬೇಕು. (ಚಿರತೆ ಬರುವುದೇ ಹೆಚ್ಚಾಗಿ ಇದನ್ನು ತಿನ್ನಲಿಕ್ಕೆ, ಆ ಮಾತು ಬೇರೆ.) ಅನ್ನ, ಮೀನಿನ ತಲೆ ಈ ಮನೆಯದು, ರಾತ್ರಿಯ ತಿರುಗಾಟ ಇಡೀ ಊರಿನದು. ಸರ್ಕಾರದ ಕಾಗದದಲ್ಲಿ ಮಾತ್ರ ನಾಯಿಗಳಲ್ಲಿ ಎರಡೇ ಬಗೆ. ಪ್ರಾಣಿ ಜನನ ನಿಯಂತ್ರಣದ 2023ರ ನಿಯಮಗಳ ಪ್ರಕಾರ ಸಾಕಿದ ನಾಯಿಯ ಹೊಣೆ ಮಾಲೀಕನದು, ಬೀದಿಯದರ ಹೊಣೆ ಸ್ಥಳೀಯ ಸಂಸ್ಥೆಯದು. ನಮ್ಮ ಕರಿಯ ಹಗಲು ಮೊದಲನೆಯದು, ರಾತ್ರಿ ಎರಡನೆಯದು. ಪಂಚಾಯಿತಿಯವರು ಕೇಳಿದರೆ ಯಾರದ್ದೂ ಅಲ್ಲ. ಮಣಿಪಾಲದ ಹಾಸ್ಟೆಲ್ ಹುಡುಗರು ಬಿಸ್ಕತ್ತು ಹಾಕುವ ನಾಯಿಗಳ ಪಾಡೂ ಹೆಚ್ಚು ಬೇರೆಯಲ್ಲ.

ಮಳೆಗಾಲ ಬಂತೆಂದರೆ ಉಡುಪಿ ಜಿಲ್ಲೆಯಲ್ಲಿ ಇಲಿಜ್ವರದ ಮಾತು ಶುರು. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳಲ್ಲಿ ಮಾತ್ರವಲ್ಲ, ನಾಯಿ, ದನ, ಹಂದಿಯ ಮೂತ್ರಪಿಂಡದಲ್ಲೂ ನೆಲೆಸುತ್ತದೆ. ನೋಡಲಿಕ್ಕೆ ಗಟ್ಟಿಮುಟ್ಟಾಗಿರುವ ನಾಯಿಯ ಮೂತ್ರದಲ್ಲೂ ಅದು ಹೊರಬರಬಹುದು. ಗದ್ದೆಯ ಕೆಸರಿನಲ್ಲಿ, ತೋಡಿನ ನೀರಿನಲ್ಲಿ ವಾರಗಟ್ಟಲೆ ಬದುಕಿದ್ದು, ಒಡೆದ ಹಿಮ್ಮಡಿಯಿಂದ ಒಳಹೊಕ್ಕರೆ ಜ್ವರ, ಮೀನಖಂಡದ ನೋವು, ಕೆಂಪೇರಿದ ಕಣ್ಣು. ಅಲಕ್ಷ್ಯ ಮಾಡಿದರೆ ಕಾಮಾಲೆ, ಕಿಡ್ನಿಗೆ ಪೆಟ್ಟು. ಬೇಗ ಹೋದರೆ ಅಗ್ಗದ ಆ್ಯಂಟಿಬಯಾಟಿಕ್‌ನಲ್ಲೇ ಗುಣವಾಗುತ್ತದೆ. ನಾಟಿ ಮುಗಿಯಲಿ ಎಂದು ಕಾದವರೇ ಐಸಿಯು ಸೇರುವುದು.

ನಾಯಿಯ ಹೊಟ್ಟೆಯ ಕೊಕ್ಕೆಹುಳದ ಮರಿಗಳು ಒದ್ದೆ ಮರಳಿನಿಂದ ಬರಿಗಾಲಿಗೆ ಹೊಕ್ಕು, ಚರ್ಮದಡಿ ಕೆಂಪು ಗೆರೆ ಎಳೆಯುತ್ತ ಸಾಗುತ್ತವೆ. ತುರಿಕೆ ವಿಪರೀತ, ಅಪಾಯ ಕಡಿಮೆ. ಬೆಕ್ಕಿನ ಮರಿಯನ್ನು ಹಾಸಿಗೆಯಲ್ಲಿ ಮಲಗಿಸಿಕೊಳ್ಳುವ ಮಕ್ಕಳಿಗೆ ಹುಳುಕಡ್ಡಿ ಬರುವುದು ಮಾಮೂಲು. ಬಸುರಿಯರು ಬೆಕ್ಕಿನ ಹೇಲು ಬಿದ್ದ ಮಣ್ಣನ್ನು ಬರಿಗೈಯಲ್ಲಿ ಕೆದಕಬಾರದೆಂಬುದು ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಕಾರಣಕ್ಕೆ.

ಇವೆಲ್ಲ ಒಂದು ತೂಕವಾದರೆ ರೇಬಿಸ್ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಸಾವು, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಭಾರತದ್ದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಬೆರಳೆಣಿಕೆಯಷ್ಟು. ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು ಎಂದರೆ ಮೆಣಸಿನ ಪುಡಿಯನ್ನೋ ಸುಣ್ಣವನ್ನೋ ಹಚ್ಚಿಕೊಂಡು ಬರುವವರು ಈಗಲೂ ಇದ್ದಾರೆ. ಕಚ್ಚಿದ ದಿನ, ಆಮೇಲೆ 3, 7, 28ನೇ ದಿನ ಲಸಿಕೆ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್. ಮೂರನೆಯದು ಮುಗಿಸಿ ನಾಲ್ಕನೆಯದನ್ನು ಮರೆಯುವವರು ಬಹಳ. ನಾಯಿಯನ್ನು ಹತ್ತು ದಿನ ಗಮನಿಸಿ ಎನ್ನುತ್ತಾರೆ ವೈದ್ಯರು. ರಾತ್ರಿ ಬಿಟ್ಟ ನಾಯಿ ನಾಲ್ಕನೇ ದಿನ ವಾಪಸು ಬರದಿದ್ದರೆ ಗಮನಿಸುವುದು ಏನನ್ನು?

ಹಟ್ಟಿಯಲ್ಲಿ ನಡೆಯುವುದು ಇನ್ನೊಂದು ಬಗೆ. ಮೇಯಲು ಬಿಟ್ಟ ದನಕ್ಕೆ ಹುಚ್ಚುನಾಯಿ ಕಚ್ಚಿದ್ದು ಯಾರಿಗೂ ಗೊತ್ತಿರುವುದಿಲ್ಲ. ವಾರಗಳ ಮೇಲೆ ದನ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಒಡಕು ದನಿಯಲ್ಲಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಕತ್ತಿ ತಾಗಿ ಗಾಯವಾದ ಬೆರಳು, ಕೈತುಂಬ ಜೊಲ್ಲು. ದನ ಸತ್ತ ಮೇಲೆ ಮನೆಮಂದಿಯೆಲ್ಲ ಇಂಜೆಕ್ಷನ್‌ಗೆ ಓಡುತ್ತಾರೆ. ಹೆದರಿಕೆ ಕುದಿಸಿದ ಹಾಲು ಕುಡಿದದ್ದರ ಬಗ್ಗೆ. ಅದರಿಂದ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಆ ಬೆರಳಿಗೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳ ಬಗ್ಗೆ ಆದೇಶ ಕೊಟ್ಟಾಗ ದೇಶವಿಡೀ ಎರಡು ಪಾಳಯವಾಗಿ ಕಚ್ಚಾಡಿತು. ಆ ಜಗಳದಲ್ಲಿ ಕರಿಯನ ಹೆಸರೇ ಬರಲಿಲ್ಲ. ನಮಗೆ ಹತ್ತಿರದ ಪಾಠ ಗೋವಾದ್ದು: ಮನೆ ಮನೆಗೆ, ಬೀದಿ ಬೀದಿಗೆ ಹೋಗಿ, ಕೈಗೆ ಸಿಗದವನ್ನು ಬಲೆ ಬೀಸಿ ಹಿಡಿದು ಲಸಿಕೆ ಹಾಕಿದರು. 2021ರಲ್ಲಿ ಆ ರಾಜ್ಯ ರೇಬಿಸ್ ನಿಯಂತ್ರಿತ ಪ್ರದೇಶ ಎನಿಸಿಕೊಂಡಿತು. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಹರಡುವಿಕೆ ನಿಲ್ಲುತ್ತದೆ ಎಂಬುದು ಲೆಕ್ಕ.

ನಮ್ಮಲ್ಲೂ ಸೆಪ್ಟೆಂಬರ್ 28ರ ರೇಬಿಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುತ್ತವೆ. ಬರುವುದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸವಿರುವ ಲ್ಯಾಬ್ರಡಾರುಗಳು. ಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದು, ಇಬ್ಬರು ಮುದುಕರಷ್ಟೇ ಉಳಿದ ಮನೆಯಿಂದ ಕರಿಯನನ್ನು ರಿಕ್ಷಾ ಹತ್ತಿಸುವವರು ಯಾರು? ಆದರೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆರು ತಿಂಗಳಿಗೊಮ್ಮೆ ಐಸ್ ಪೆಟ್ಟಿಗೆ ಹಿಡಿದು ಹಟ್ಟಿಗೇ ಬರುವವರಿದ್ದಾರೆ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಅವರು ಬರುವುದು ಹಗಲು, ನಾಯಿ ಕಟ್ಟಿರುವ ಹೊತ್ತಿನಲ್ಲಿ. ಪಕ್ಕದ ಕಂಬದಿಂದ ಅವರನ್ನು ನೋಡಿ ಬೊಗಳುವುದೂ ಅದೇ ನಾಯಿ. ಆ ಪೆಟ್ಟಿಗೆಯಲ್ಲಿ ವರ್ಷಕ್ಕೊಂದು ಸಲ ರೇಬಿಸ್ ಲಸಿಕೆಯೂ ಇರಲಿ, ಹಾಕುವವರಿಗೆ ಮುಂಚೆಯೇ ಲಸಿಕೆ ಕೊಟ್ಟಿರಲಿ, ಯಾವ ಮನೆಯ ಯಾವ ನಾಯಿಗೆ ಹಾಕಿದ್ದೆಂದು ಹಾಲಿನ ಡೈರಿಯ ಪುಸ್ತಕದಲ್ಲೇ ಒಂದು ಕಾಲಂ ಗೀಚಿ ಬರೆದಿಡಲಿ.